ಕಾಯುವ ನಾಲ್ಕು ವಾರಗಳು: ಆಗಮನ ಕಾಲ ಮತ್ತು ಮನಸ್ಸಿನ ನೆಮ್ಮದಿ

ಮಧುಮೇಹ, ರಕ್ತದೊತ್ತಡ, ಮೊಣಕಾಲಿನ ನೋವು ಮುಂತಾದ ವಿಷಯಗಳನ್ನು ಕುರಿತು ವೈದ್ಯರು ನಮ್ಮ ಸಂಘದ ಸ್ಮರಣ ಸಂಚಿಕೆಗೆ ಲೇಖನ ಬರೆಯುವುದು ವಾಡಿಕೆ. ಈ ಸಲ ನಾನು ಕಾಯಿಲೆಯನ್ನು ಬಿಟ್ಟು ಕಾಯುವಿಕೆಯನ್ನು ಕುರಿತು ಬರೆಯುವ ಧೈರ್ಯ ಮಾಡಿದ್ದೇನೆ. ಹುಟ್ಟಿದ್ದು ಬೀದರ್ ಸೀಮೆಯ ಕ್ರೈಸ್ತ ಮನೆತನದಲ್ಲಿ. ವೃತ್ತಿ ಮಾಡಿದ್ದು ಈ ಹೈದರಾಬಾದಿನಲ್ಲಿ. ಡಿಸೆಂಬರ್ ಆರಂಭದಲ್ಲೇ ನಮ್ಮ ಮನೆಯಲ್ಲಿ ಮೇಣದಬತ್ತಿ ಉರಿಯುವುದನ್ನು ಕಂಡು, "ಡಾಕ್ಟರೇ, ನಿಮ್ಮ ಹಬ್ಬ 25ಕ್ಕಲ್ಲವೇ? ಈಗಲೇ ಏನು ಸಂಭ್ರಮ?" ಎಂದು ಕೇಳುವ ಮಿತ್ರರು ಅನೇಕರಿದ್ದಾರೆ. ಅದು ಸಂಭ್ರಮವಲ್ಲ. ಹಾಗಾದರೆ ಏನು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಕ್ರಿಸ್ತ ಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಗೆ ಆಗಮನ ಕಾಲವೆಂದು ಹೆಸರು. ಅದರ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುತ್ತದೆ. ಇಂಗ್ಲಿಷಿನ ಅಡ್ವೆಂಟ್ ಎಂಬ ಶಬ್ದ, ಬರುವಿಕೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಇದು ಮೂಲತಃ ವ್ರತದ ಕಾಲ. ಐದನೆಯ ಶತಮಾನದಲ್ಲಿ ಗಾಲ್ ದೇಶದವರು, ಎಂದರೆ ಈಗಿನ ಫ್ರಾನ್ಸಿನವರು, ಕ್ರಿಸ್ಮಸ್‌ಗೆ ಮುನ್ನ ವಾರದ ಕೆಲವು ದಿನ ಉಪವಾಸವಿರುತ್ತಿದ್ದರು. ಕೇರಳದ ಸಿರಿಯನ್ ಕ್ರೈಸ್ತರು ಇಂದಿಗೂ 25 ದಿನಗಳ ನೋಂಪು ಹಿಡಿಯುತ್ತಾರೆ. ಧನುರ್ಮಾಸದ ನಸುಕಿನಲ್ಲಿ ಎದ್ದು ಪೂಜೆ ಮಾಡುವ ಮನೆಗಳಿಂದ ಬಂದ ವಾಚಕರಿಗೆ ಈ ಭಾವ ಅಪರಿಚಿತವೇನಲ್ಲ. ಪೇಟೆಯ ಅಂಗಡಿಗಳು ನವೆಂಬರಿನಲ್ಲೇ ನಕ್ಷತ್ರದೀಪ ತೂಗಿಬಿಟ್ಟು ಈ ಕಾಲವನ್ನು ನುಂಗಿಹಾಕಿವೆ ಎಂಬುದು ಬೇರೆ ಮಾತು.

ನಾಲ್ಕು ಬತ್ತಿಗಳ ಪದ್ಧತಿಗೆ ಒಂದು ಸೊಗಸಾದ ಹಿನ್ನೆಲೆಯಿದೆ. ಜರ್ಮನಿಯ ಹ್ಯಾಂಬುರ್ಗ್ ನಗರದಲ್ಲಿ ಯೋಹಾನ್ ವಿಖರ್ನ್ ಎಂಬ ಪಾದ್ರಿ, ದಿಕ್ಕಿಲ್ಲದ ಬಡ ಮಕ್ಕಳಿಗಾಗಿ 1833ರಲ್ಲಿ ಒಂದು ಆಶ್ರಯಧಾಮ ತೆರೆದರು. ಕ್ರಿಸ್ಮಸ್ ಎಂದು ಬರುತ್ತದೆ, ಇನ್ನೆಷ್ಟು ದಿನ ಎಂದು ಮಕ್ಕಳು ದಿನವೂ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಮರದ ಚಕ್ರವೊಂದರ ಮೇಲೆ ವಾರದ ದಿನಗಳಿಗೆ ಚಿಕ್ಕ ಬತ್ತಿಗಳನ್ನೂ ಭಾನುವಾರಗಳಿಗೆ ನಾಲ್ಕು ದೊಡ್ಡ ಬತ್ತಿಗಳನ್ನೂ ನಿಲ್ಲಿಸಿ, ದಿನಕ್ಕೊಂದು ಹೆಚ್ಚಿಸಿ ಹಚ್ಚಿಸಿದರು. ಮಕ್ಕಳ ಪ್ರಶ್ನೆಗೆ ಆ ಚಕ್ರವೇ ಉತ್ತರವಾಯಿತು. ಕಾಲ ಬೇಗ ಓಡಲಿಲ್ಲ, ನಿಜ. ಆದರೆ ಕಾಯುವ ಕೈಗಳಿಗೆ ದಿನವೂ ಒಂದು ಕೆಲಸ ಸಿಕ್ಕಿತು.

ಈ ಕೊನೆಯ ಮಾತಿನ ಅರ್ಥ ನನಗೆ ಆದದ್ದು ಬಹಳ ತಡವಾಗಿ. ಕೆಲವು ವರ್ಷಗಳ ಹಿಂದೆ ಡಿಸೆಂಬರ್ ಮೊದಲ ವಾರದಲ್ಲಿ ನನ್ನ ಶ್ರೀಮತಿಯ ಎದೆಯಲ್ಲಿ ಗಂಟೊಂದು ಕಂಡುಬಂತು. ಶಸ್ತ್ರವೈದ್ಯರು ಅದರಿಂದ ಚೂರು ತೆಗೆದು ಬಯಾಪ್ಸಿ ಪರೀಕ್ಷೆಗೆ ಕಳುಹಿಸಿದರು. ವರದಿಗೆ ಹತ್ತು ದಿನ. ಆ ಚೂರನ್ನು ಫಾರ್ಮಲಿನ್ನಿನಲ್ಲಿ ನೆನೆಸಿಟ್ಟು, ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತಲೂ ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಬೇಕು. ಅವಸರಪಡಿಸಿದರೆ ಫಲಿತಾಂಶವೇ ಕೆಡುತ್ತದೆ. ಇದನ್ನು ನೂರಾರು ರೋಗಿಗಳಿಗೆ ವಿವರಿಸಿ, "ಚಿಂತೆ ಮಾಡಬೇಡಿ" ಎಂದು ಬೆನ್ನು ತಟ್ಟಿದವನು ನಾನು. ಆ ಹತ್ತು ದಿನ ದಿನಕ್ಕೆರಡು ಸಲ ಪ್ರಯೋಗಾಲಯಕ್ಕೆ ಫೋನು ಮಾಡಿದವನೂ ನಾನೇ. ರಾತ್ರಿ ನಿದ್ರೆಯಿಲ್ಲ, ಊಟ ಸೇರದು, ವರ್ಷಗಟ್ಟಲೆ ಹತೋಟಿಯಲ್ಲಿದ್ದ ನನ್ನ ರಕ್ತದೊತ್ತಡ ಏರಿತು.

ಭಯ ಉಂಟಾದಾಗ ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಗುಂಡಿಗೆಯ ಬಡಿತ ಏರುತ್ತದೆ, ಜೀರ್ಣಕ್ರಿಯೆ ಕುಂಠಿತವಾಗುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಇದು ಉಪಕಾರಿ. ಓಡಿ ಮನೆ ಸೇರಿದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಇಳಿಯುತ್ತದೆ. ಆದರೆ ಇನ್ನೂ ಬಾರದ ಒಂದು ಕಾಗದಕ್ಕೆ ಹೆದರಿದವನು ಎಲ್ಲಿಗೆ ಓಡಬೇಕು? ಅವನ ದೇಹ ದಿನಗಟ್ಟಲೆ ಓಟಕ್ಕೆ ಸಿದ್ಧವಾಗಿ ನಿಂತೇ ಇರುತ್ತದೆ. ಹೊರನಾಡಿಗೆ ಬಂದ ನಮ್ಮಂಥವರ ಬದುಕಿನಲ್ಲಿ ಇಂಥ ಕಾಗದಗಳು ಒಂದೆರಡಲ್ಲ. ಊರಿನಲ್ಲಿ ಒಂಟಿಯಾಗಿರುವ ತಾಯಿಯ ಸುದ್ದಿ, ಮಗನ ಕೆಲಸದ ಆದೇಶ, ಕೋರ್ಟಿನಲ್ಲಿರುವ ಹೊಲದ ತೀರ್ಪು, ಎಲ್ಲವೂ ಅದೇ ಜಾತಿಯವು.

ನನ್ನ ಶ್ರೀಮತಿಯ ರೀತಿ ಬೇರೆಯಾಗಿತ್ತು. ಆಕೆ ಎಂದಿನಂತೆ ಹಿತ್ತಾಳೆ ತಟ್ಟೆಯಲ್ಲಿ ನಾಲ್ಕು ಬತ್ತಿ ನಿಲ್ಲಿಸಿ, ಸಂಜೆ ಹಚ್ಚಿ, ಕನ್ನಡ ಸತ್ಯವೇದದಿಂದ ಒಂದು ಭಾಗ ಓದಿ, ಪಕ್ಕದ ಮನೆಯ ಮಗುವಿಗೆ ಅರ್ಧ ಹೆಣೆದಿದ್ದ ಸ್ವೆಟರನ್ನು ಕೈಗೆತ್ತಿಕೊಳ್ಳುತ್ತಿದ್ದಳು. ನಾನು ಹೊರಬಾಗಿಲಿಗೂ ಫೋನಿಗೂ ತಿರುಗುವುದನ್ನು ಕಂಡು ಒಂದು ಸಂಜೆ ನಕ್ಕು ಹೇಳಿದಳು: "ಹೊಲ ಕಾಯಾಂವ ಬರೇ ದಾರಿ ನೋಡ್ಕೋತ ಕುಂತ್ರ ಹಕ್ಕಿ ತೆನಿ ಬಿಡ್ತಾವೇನ್ರಿ?"

ಬೀದರ್, ಕಲಬುರಗಿ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ, ಎಂದರೆ ಬಹುಮಟ್ಟಿಗೆ ಕ್ರಿಸ್ಮಸ್ ದಿನಗಳಲ್ಲೇ, ಹಿಂಗಾರಿ ಜೋಳ ತೆನೆಗಟ್ಟುತ್ತದೆ. ಅಟ್ಟದ ಮೇಲೆ ಕವಣೆ ಹಿಡಿದು ಕೂತವನೂ ಕಾಯುತ್ತಾನೆ, ಬಸ್ಸಿಗಾಗಿ ನಿಂತವನೂ ಕಾಯುತ್ತಾನೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಎದುರುನೋಡುವುದೂ ಕಾಯುವುದು, ಜೋಪಾನ ಮಾಡುವುದೂ ಕಾಯುವುದು. ಲೂಕನ ಸುವಾರ್ತೆಯಲ್ಲಿ ಯೇಸುವಿನ ಜನನದ ವಾರ್ತೆ ಮೊದಲು ಮುಟ್ಟಿದ್ದು ರಾತ್ರಿಯಲ್ಲಿ ಕುರಿ ಕಾಯುತ್ತಿದ್ದ ಕುರುಬರಿಗೆ. ಅವರು ಯಾವ ವಾರ್ತೆಯನ್ನೂ ನಿರೀಕ್ಷಿಸಿ ಕೂತಿರಲಿಲ್ಲ. ತಮ್ಮ ಪಾಲಿನ ಕುರಿಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಆ ಹತ್ತು ದಿನ ಮೊದಲನೆಯ ಅರ್ಥದಲ್ಲಿ ಕಾದೆ, ಆಕೆ ಎರಡನೆಯ ಅರ್ಥದಲ್ಲಿ ಕಾದಳು.

ಆಗಮನ ಕಾಲದ ಪಾಠಗಳಲ್ಲೆಲ್ಲ ಕಾಯುವ ಜನರೇ ತುಂಬಿದ್ದಾರೆ. ಮುಪ್ಪಿನವರೆಗೆ ಮಗುವಿಗಾಗಿ ಹಂಬಲಿಸಿದ ಎಲಿಸಬೇತಳು, ದೇವದೂತನ ಮಾತು ನಂಬದೆ ತಿಂಗಳುಗಟ್ಟಲೆ ಮೂಕನಾದ ಆಕೆಯ ಗಂಡ ಜಕರೀಯ, ಗರ್ಭಿಣಿ ಮರಿಯಳು. ಇವರೆಲ್ಲರಿಗಿಂತ ನನ್ನ ಮನಸ್ಸನ್ನು ಹಿಡಿದವನು ಸೆರೆಮನೆಯಲ್ಲಿದ್ದ ಸ್ನಾನಿಕನಾದ ಯೋಹಾನ. ಮತ್ತಾಯನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದ ಆ ಭಾಗವನ್ನು, ಮೂರು ವರ್ಷಗಳ ಪಾಠಕ್ರಮ ಅನುಸರಿಸುವ ಚರ್ಚುಗಳಲ್ಲಿ, ಮೂರು ವರ್ಷಕ್ಕೊಮ್ಮೆ ಮೂರನೆಯ ಭಾನುವಾರ ಓದುತ್ತಾರೆ. ಆ ಭಾನುವಾರಕ್ಕೆ ಆನಂದದ ಭಾನುವಾರವೆಂದು ಹೆಸರು. ಉಳಿದ ವಾರಗಳ ನೇರಳೆ ಬಣ್ಣದ ನಡುವೆ ಅಂದು ಮಾತ್ರ ಗುಲಾಬಿ ಬಣ್ಣ. ಆನಂದದ ದಿನದಂದು ಸೆರೆಮನೆಯ ಪಾಠವನ್ನು ಇಟ್ಟ ಹಿರಿಯರ ವಿವೇಕ ದೊಡ್ಡದು.

ಯೋಹಾನನು ಅರಣ್ಯದಲ್ಲಿ ನಿಂತು, ಬರುವಾತನು ಬರುತ್ತಾನೆಂದು ಊರಿಗೆಲ್ಲ ಸಾರಿದವನು. ಹೆರೋದನು ಸಹೋದರನ ಹೆಂಡತಿಯನ್ನು ಇಟ್ಟುಕೊಂಡದ್ದನ್ನು ಖಂಡಿಸಿ ಸೆರೆಗೆ ಬಿದ್ದ. ಕತ್ತಲಲ್ಲಿ ಕೂತವನಿಗೆ ಸಂದೇಹ ಬಂತು. ಬರಬೇಕಾದವನು ನೀನೇನೋ, ಇಲ್ಲವೇ ನಾವು ಇನ್ನೊಬ್ಬನಿಗಾಗಿ ಕಾಯಬೇಕೋ ಎಂದು ಶಿಷ್ಯರ ಮೂಲಕ ಯೇಸುವನ್ನು ಕೇಳಿಸಿದ. ಯೇಸು ಗದರಲಿಲ್ಲ. ಕುರುಡರಿಗೆ ಕಣ್ಣು ಬರುತ್ತಿದೆ, ಕುಂಟರು ನಡೆಯುತ್ತಿದ್ದಾರೆ, ಕುಷ್ಠರೋಗಿಗಳು ಶುದ್ಧರಾಗುತ್ತಿದ್ದಾರೆ, ಬಡವರಿಗೆ ಶುಭವಾರ್ತೆ ಮುಟ್ಟುತ್ತಿದೆ. ಕಂಡದ್ದನ್ನು, ಕೇಳಿದ್ದನ್ನು ಅವನಿಗೆ ತಿಳಿಸಿ ಎಂಬ ಆಶಯದ ಉತ್ತರ ಕೊಟ್ಟನು. ಪ್ರವಾದಿ ಯೆಶಾಯನ ಗ್ರಂಥ ಬಲ್ಲವರಿಗೆ ಈ ಪಟ್ಟಿಯಲ್ಲಿ ಒಂದು ಕೊರತೆ ಎದ್ದುಕಾಣುತ್ತದೆ. ಯೆಶಾಯನು ಸೆರೆಯವರ ಬಿಡುಗಡೆಯನ್ನೂ ಹೇಳಿದ್ದಾನೆ. ಸೆರೆಯಲ್ಲಿದ್ದವನಿಗೆ ಕಳುಹಿಸಿದ ಉತ್ತರದಲ್ಲಿ ಅದೊಂದೇ ಇಲ್ಲ! ಯೋಹಾನನು ಬಿಡುಗಡೆಯಾಗಲೂ ಇಲ್ಲ. ಅವನ ತಲೆ ಹೋಯಿತು. ಶಿಷ್ಯರು ಹಿಂದಿರುಗಿದ ಮೇಲೆ ಯೇಸು ಜನರೆದುರು ಯೋಹಾನನನ್ನು ಬಹಳವಾಗಿ ಹೊಗಳಿದನೆಂದಿದೆ. ಆ ಹೊಗಳಿಕೆ ಅವನ ಕಿವಿಗೆ ಬಿತ್ತೆಂದು ಎಲ್ಲಿಯೂ ಬರೆದಿಲ್ಲ.

ನಾವು ಆ ವರ್ಷ ಓದಿದ್ದು ಇದೇ ಪಾಠ. ಮರುದಿನ ವರದಿ ಬಂತು. ನಾವು ಹೆದರಿದ್ದೇ ಆಗಿತ್ತು.

ನಂಬಿದರೆ ಗಂಟು ಕರಗುತ್ತದೆ, ಪ್ರಾರ್ಥಿಸಿದರೆ ವರದಿ ಬದಲಾಗುತ್ತದೆ ಎಂಬ ಬೋಧನೆಯನ್ನು ನಾನು ವೈದ್ಯನಾಗಿ ಮಾತ್ರವಲ್ಲ, ಕ್ರೈಸ್ತನಾಗಿಯೂ ಒಪ್ಪಲಾರೆ. ಯೋಹಾನನಿಗೇ ಸಿಗದ ಭರವಸೆಯನ್ನು ನಮಗೆ ಕೊಡುವವರಾರು? ಅವನಿಗೆ ಸಿಕ್ಕಿದ್ದು ಬೇರೊಂದು: ತಾನು ಯಾವುದಕ್ಕಾಗಿ ಬದುಕಿದೆನೋ ಆ ಕಾರ್ಯ ತನ್ನ ಗೋಡೆಯಾಚೆ ನಡೆಯುತ್ತಿದೆ ಎಂಬ ಸುದ್ದಿ. ಹಿಟ್ಲರನ ಆಡಳಿತವನ್ನು ವಿರೋಧಿಸಿದ ಜರ್ಮನ್ ಪಾದ್ರಿ ಡೀಟ್ರಿಚ್ ಬೊನ್‌ಹಾಫರ್ 1943ರ ನವೆಂಬರಿನಲ್ಲಿ ಬರ್ಲಿನ್ನಿನ ಸೆರೆಯಿಂದ ಗೆಳೆಯನಿಗೆ ಬರೆದ ಪತ್ರದಲ್ಲಿ, ಹೊರಗಿನಿಂದ ಮಾತ್ರ ಬಾಗಿಲು ತೆರೆಯಬಹುದಾದ ಸೆರೆಕೋಣೆಯನ್ನು ಆಗಮನ ಕಾಲಕ್ಕೆ ಹೋಲಿಸಿದ್ದಾರೆ. ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು.

ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. ನಮ್ಮ ಸತ್ಯವೇದದಲ್ಲಿ ಶಾಂತಿ, ಸಮಾಧಾನ ಎಂಬ ಎರಡು ಶಬ್ದಗಳೂ ಬಳಕೆಯಲ್ಲಿವೆ. ಮೂಲದ ಹೀಬ್ರೂ ಪದ ಶಾಲೋಮ್. ಅದಕ್ಕೆ ಗದ್ದಲವಿಲ್ಲದ ಸ್ಥಿತಿ ಎಂಬುದಕ್ಕಿಂತ ಇಡಿಯಾಗಿರುವುದು, ಕುಂದಿಲ್ಲದಿರುವುದು ಎಂಬ ಅರ್ಥ ಮುಖ್ಯ. ಆರೋಗ್ಯವೂ ಅದರಲ್ಲಿ ಅಡಗಿದೆ, ಒಬ್ಬರ ಯೋಗಕ್ಷೇಮ ಕೇಳುವುದೂ ಅದೇ ಪದದಿಂದ. ನನಗೆ ಹೊಳೆಯುವ ಹತ್ತಿರದ ಕನ್ನಡ ಶಬ್ದ, ಹಿಂದೆ ಊರಿನ ಕಾಗದಗಳ ಮೊದಲ ಸಾಲಿನಲ್ಲಿ ತಪ್ಪದೆ ಇರುತ್ತಿದ್ದ ಕ್ಷೇಮ. ಮನೆಯಲ್ಲಿ ಜ್ವರವಿದ್ದರೂ ಸಾಲವಿದ್ದರೂ ನಾವು ಕ್ಷೇಮವೆಂದೇ ಬರೆಯುತ್ತಿದ್ದೆವು. ಅದು ಸುಳ್ಳಾಗಿತ್ತೆಂದು ನನಗೆ ಈಗ ಅನ್ನಿಸುವುದಿಲ್ಲ.

ಈ ಅಭ್ಯಾಸವನ್ನು ಕೈಗೊಳ್ಳಬಯಸುವವರು ಯಾವ ಮತದವರಾದರೂ ಆಗಬಹುದು. ಸಂಜೆ ಒಂದು ಗೊತ್ತಾದ ಹೊತ್ತಿಗೆ ಟೆಲಿವಿಷನ್ನನ್ನೂ ಮೊಬೈಲನ್ನೂ ಆರಿಸಿ, ಪ್ರಖರ ದೀಪಗಳನ್ನು ನಂದಿಸಿ, ಒಂದೇ ಬತ್ತಿ ಹಚ್ಚಿ ಅರ್ಧ ಗಂಟೆ ಕೂಡಬೇಕು. ರಾತ್ರಿಯ ತೀಕ್ಷ್ಣ ಬೆಳಕು ನಿದ್ರೆಗೆ ನೆರವಾಗುವ ಮೆಲಟೋನಿನ್ ರಸವನ್ನು ತಗ್ಗಿಸುವುದರಿಂದ, ಇದು ದೇಹಕ್ಕೂ ಹಿತ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿದರೆ ಗುಂಡಿಗೆಯ ಬಡಿತ ಇಳಿಯುತ್ತದೆ. ತಮ್ಮ ಧರ್ಮಗ್ರಂಥದ ಒಂದು ಚಿಕ್ಕ ಭಾಗ ಓದಿ, ಬಳಿಕ ಇನ್ನೊಬ್ಬರಿಗೆ ಉಪಯೋಗವಾಗುವ ಯಾವುದಾದರೂ ಕೈಕೆಲಸ ಮಾಡಬೇಕು. ಈ ಕೊನೆಯದನ್ನು ಬಿಟ್ಟರೆ ಉಳಿದದ್ದು ಅರ್ಧ ಮಾತ್ರ ಫಲಿಸುತ್ತದೆ ಎಂಬುದು ನನ್ನ ಅನುಭವ. ಆದರೆ ಎರಡು ವಾರಕ್ಕೂ ಮಿಕ್ಕಿ ನಿದ್ರೆ, ಹಸಿವು, ಆಸಕ್ತಿ ಕುಂದಿದ್ದರೆ ಅಥವಾ ಬದುಕೇ ಬೇಡವೆನಿಸಿದರೆ ಬತ್ತಿಯ ಮುಂದೆ ಕೂತಿರಬಾರದು. ವೈದ್ಯರ ಬಳಿ ಹೋಗಬೇಕು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಇದು ಉಚಿತ. ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯಲ್ಲ.

ಶಸ್ತ್ರಚಿಕಿತ್ಸೆ, ಔಷಧಗಳ ನಂತರ ನನ್ನ ಶ್ರೀಮತಿ ಇನ್ನೂ ಆರು ಕ್ರಿಸ್ಮಸ್ ಹಬ್ಬಗಳನ್ನು ಕಂಡಳು. ಅವುಗಳಲ್ಲಿ ಒಂದು ವರ್ಷ, ಆಗಮನ ಕಾಲದಲ್ಲೇ, ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಮೇದಕ್ ಮಹಾದೇವಾಲಯಕ್ಕೆ ಹೋಗಿದ್ದೆವು. ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಪಾದ್ರಿ, ಬರಗಾಲದಲ್ಲಿ ಹಸಿದು ಬಂದವರಿಗೆ ಭಿಕ್ಷೆಯ ಬದಲು ಕೆಲಸ ಕೊಟ್ಟು ಕಟ್ಟಿಸಿದ ಕಟ್ಟಡವದು. 1914ರಲ್ಲಿ ಆರಂಭವಾದ ಕೆಲಸ ಹತ್ತು ವರ್ಷ ನಡೆದು, 1924ರ ಡಿಸೆಂಬರ್ 25ರಂದು ಪ್ರತಿಷ್ಠೆಯಾಯಿತು. ಒಳಗೆ ಮೂರು ಬೃಹತ್ ಬಣ್ಣಗಾಜಿನ ಕಿಟಕಿಗಳಿವೆ. ಒಂದರಲ್ಲಿ ಕ್ರಿಸ್ತಜನನದ ದೃಶ್ಯವಿದೆ. ನಾವು ಹೊರಟದ್ದೇ ತಡವಾಗಿ, ತಲುಪುವಷ್ಟರಲ್ಲಿ ಹೊತ್ತು ಇಳಿದಿತ್ತು. ಹೊರಗಿನ ಬೆಳಕಿಲ್ಲದೆ ಆ ಗಾಜು ಒಳಗಿನವರಿಗೆ ಏನನ್ನೂ ತೋರಿಸದು. ಆಕೆ ಸ್ವಲ್ಪವೂ ಬೇಸರಿಸದೆ ಬೆಂಚಿನ ಮೇಲೆ ಕೂತು, ಚೀಲದಿಂದ ಹೆಣಿಗೆ ತೆಗೆದಳು. ಅಂದು ರಾತ್ರಿ ಮೇದಕಿನಲ್ಲೇ ತಂಗಿ ಬೆಳಿಗ್ಗೆ ಮತ್ತೆ ಹೋಗಿ ನೋಡಿದೆವು. ಹೋಗಬಯಸುವ ಸದಸ್ಯರು ನಸುಕಿನಲ್ಲೇ ಹೊರಡುವುದು ಒಳ್ಳೆಯದು.