ನಿಸ್ತಂತು ಅಂತರ್ಜಾಲವು ಮಂದವಾದಾಗ ಮಾಡತಕ್ಕ ಪರೀಕ್ಷೆಗಳು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಮನೆಯಲ್ಲಿದ್ದುಕೊಂಡೇ ಉದ್ಯೋಗವನ್ನು ನಡಿಸುತ್ತಾರೆ. ಅವರ ಮಕ್ಕಳು ಪರೀಕ್ಷೆಯ ಅರ್ಜಿಗಳನ್ನು ಲ್ಯಾಪ್‌ಟಾಪಿನ ಮೂಲಕವೇ ಕಳುಹಿಸುತ್ತಾರೆ. ಅರ್ಜಿಯ ಕಡೇ ದಿನದ ರಾತ್ರಿ ಪುಟವು ತೆರೆಯದೆ ಹೋದರೆ ಒಂದು ವರುಷದ ಶ್ರಮವೇ ವ್ಯರ್ಥವಾದೀತು. ಇಂಥ ತೊಂದರೆಯನ್ನು ಕಂಡ ಕೆಲವರು ಯಂತ್ರವು ಹಳೆಯದಾಯಿತೆಂದು ಹೊಸತನ್ನು ಕೊಳ್ಳುತ್ತಾರೆ; ಬೇರೆ ಕೆಲವರು ಹೆಚ್ಚು ಹಣ ತೆತ್ತು ಹೆಚ್ಚು ವೇಗದ ಸಂಪರ್ಕವನ್ನು ಪಡೆಯುತ್ತಾರೆ. ದೋಷವೆಲ್ಲಿದೆಯೆಂದು ತಿಳಿಯದೆ ಹೀಗೆ ಮಾಡುವುದು ನಾಡಿಯನ್ನು ನೋಡದೆ ಔಷಧವನ್ನು ಕೊಟ್ಟಂತೆಯೇ ಸರಿ.

ಅಂತರ್ಜಾಲವು ನಮ್ಮನ್ನು ಮುಟ್ಟುವ ದಾರಿಯಲ್ಲಿ ಮೂರು ಭಾಗಗಳುಂಟು. ಕಂಪೆನಿಯಿಂದ ಮನೆಯ ರೌಟರಿನ ವರೆಗೆ ಇರುವ ತಂತಿಯ ದಾರಿಯು ಒಂದು, ರೌಟರಿನಿಂದ ಲ್ಯಾಪ್‌ಟಾಪಿನ ವರೆಗೆ ಇರುವ ರೇಡಿಯೋ ಅಲೆಗಳ ದಾರಿಯು ಎರಡು, ಲ್ಯಾಪ್‌ಟಾಪು ಮೂರು. ಕೊಡವು ತುಂಬದಿದ್ದರೆ ದೋಷವು ಊರಿನ ತೊಟ್ಟಿಯಲ್ಲಿಯೋ, ಕೊಳವೆಯಲ್ಲಿಯೋ, ಕೊಡದಲ್ಲಿಯೋ ಎಂದು ವಿಚಾರಿಸುವ ಹಾಗೆ ಇಲ್ಲಿಯೂ ಕ್ರಮವಾಗಿ ವಿಚಾರಿಸತಕ್ಕದ್ದು.

ಮೊದಲನೆಯದಾಗಿ, ರೌಟರಿನ ವಿದ್ಯುತ್ತನ್ನು ಅರ್ಧ ನಿಮಿಷ ನಿಲ್ಲಿಸಿ ತಿರಿಗಿ ಕೊಡಿರಿ. ಲ್ಯಾಪ್‌ಟಾಪನ್ನೂ ಮುಚ್ಚಿ ಹೊಸದಾಗಿ ಆರಂಭಿಸಿರಿ. ಬಹಳ ಸಾರಿ ಇಷ್ಟರಿಂದಲೇ ತೊಂದರೆಯು ನೀಗುತ್ತದೆ. ನೀಗದಿದ್ದರೆ, ಮನೆಯಲ್ಲಿ ಬೇರೆ ಯಾರೂ ಜಾಲವನ್ನು ಉಪಯೋಗಿಸದ ವೇಳೆಯಲ್ಲಿ ವೇಗವನ್ನು ಅಳೆದು ಬರೆದಿಡಿರಿ. ಇಲ್ಲಿ ಒಂದು ಎಚ್ಚರಿಕೆ: 8 ಬಿಟ್ಟುಗಳು ಸೇರಿದರೆ 1 ಬೈಟು. ಸೆಕೆಂಡಿಗೆ 100 ಮೆಗಾಬಿಟ್ಟಿನ ಸಂಪರ್ಕವು ಹೆಚ್ಚೆಂದರೆ 12.5 ಮೆಗಾಬೈಟನ್ನು ತಂದೀತು. ಇದು ಮೋಸವಲ್ಲ, ಲೆಕ್ಕವು.

ಎರಡನೆಯದಾಗಿ, ಅದೇ ಸ್ಥಳದಲ್ಲಿ ಮೊಬೈಲನ್ನು ಅದೇ ವೈ-ಫೈಗೆ ಸೇರಿಸಿ, ಅದರ ಸ್ವಂತ ಡೇಟಾವನ್ನು ನಿಲ್ಲಿಸಿ ಅಳೆಯಿರಿ. ಮೊಬೈಲು ವೇಗವಾಗಿಯೂ ಲ್ಯಾಪ್‌ಟಾಪು ಮಂದವಾಗಿಯೂ ಇದ್ದರೆ ದೋಷವು ಲ್ಯಾಪ್‌ಟಾಪಿನಲ್ಲಿಯೇ ಇರುವ ಸಂಭವವು ಹೆಚ್ಚು. ತೆರೆಯ ಹಿಂದೆ ಅಪ್‌ಡೇಟ್ ಇಳಿಯುತ್ತಿರಬಹುದು, ಚಿತ್ರಗಳು ಕ್ಲೌಡಿಗೆ ಏರುತ್ತಿರಬಹುದು, ವಿಪಿಎನ್ ನಡೆಯುತ್ತಿರಬಹುದು, ವೈ-ಫೈ ಡ್ರೈವರ್ ಹಳೆಯದಾಗಿರಬಹುದು. ವಿಂಡೋಸ್ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರನ್ನು ತೆರೆದರೆ ಯಾವ ಕಾರ್ಯಕ್ರಮವು ಜಾಲವನ್ನು ಬಳಸುತ್ತದೆಂಬುದು ತೋರುತ್ತದೆ.

ಮೂರನೆಯದಾಗಿ, ಎರಡೂ ಮಂದವಾಗಿದ್ದರೆ ರೌಟರಿನ ಸಮೀಪಕ್ಕೆ ಹೋಗಿ ಅಳೆಯಿರಿ. ಅಲ್ಲಿ ವೇಗವು ಹೆಚ್ಚಿದರೆ ದೂರವೂ ಗೋಡೆಗಳೂ ಕಾರಣವೆಂದು ತಿಳಿಯಬೇಕು. ಜಗದೀಶ್ ಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಇಂಥ ಅಲೆಗಳನ್ನು ಗೋಡೆಯ ಆಚೆಗೆ ಕಳುಹಿಸಿ ಗಂಟೆಯನ್ನು ಬಾರಿಸಿ ತೋರಿಸಿದರು. ಅಲೆಗಳು ಗೋಡೆಯನ್ನು ದಾಟುವವು ನಿಜ. ಆದರೆ ದಾಟುವಾಗ ಬಲವನ್ನು ಕಳಕೊಳ್ಳುತ್ತವೆ. ಕಲ್ಲಿನ ಗೋಡೆ, ಕಬ್ಬಿಣ ಹಾಕಿದ ಕಾಂಕ್ರೀಟು, ಉಕ್ಕಿನ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿ ಇವೆಲ್ಲ ಅಡ್ಡಿಗಳೇ. ಆದಕಾರಣ ರೌಟರನ್ನು ಮೂಲೆಯಲ್ಲಿ ಬಚ್ಚಿಡದೆ ಮನೆಯ ನಡುವೆ ಎತ್ತರದಲ್ಲಿ ಇಡತಕ್ಕದ್ದು. 2.4 ಗಿಗಾಹರ್ಟ್ಸಿನ ಅಲೆಗಳು ದೂರ ಹೋಗುತ್ತವೆ, 5 ಗಿಗಾಹರ್ಟ್ಸಿನವು ಹತ್ತಿರದಲ್ಲಿ ಹೆಚ್ಚು ವೇಗವನ್ನು ಕೊಡುತ್ತವೆ. ಕೂತುಕೊಳ್ಳುವ ಸ್ಥಳಕ್ಕೆ ತಕ್ಕದ್ದನ್ನು ಆರಿಸಿಕೊಳ್ಳಿರಿ.

ನಾಲ್ಕನೆಯದಾಗಿ, ಸಮೀಪದಲ್ಲಿಯೂ ಮಂದವಾಗಿದ್ದರೆ ಲ್ಯಾಪ್‌ಟಾಪನ್ನು ಕೇಬಲಿನಿಂದ ರೌಟರಿಗೆ ಜೋಡಿಸಿ ಅಳೆಯಿರಿ. ಕೇಬಲಿನಲ್ಲಿ ವೇಗವಿದ್ದರೆ ರೌಟರಿನ ನಿಸ್ತಂತು ಭಾಗದಲ್ಲಿ ದೋಷವಿರಬಹುದು, ಇಲ್ಲವೆ ಅಲೆಗಳ ದಾರಿಯಲ್ಲಿ ಜನಸಂದಣಿಯಿರಬಹುದು. ಹೇಗಂದರೆ, ನೆರೆಮನೆಗಳ ರೌಟರುಗಳೂ, ಬ್ಲೂಟೂತ್ ಸಾಧನಗಳೂ, ಮೈಕ್ರೋವೇವ್ ಒಲೆಯೂ 2.4 ಗಿಗಾಹರ್ಟ್ಸಿನ ಆಸುಪಾಸಿನಲ್ಲಿಯೇ ಕೆಲಸಮಾಡುತ್ತವೆ. ಅಲ್ಲಿ 1, 6, 11 ಎಂಬ ಚಾನೆಲುಗಳು ಒಂದರ ಮೇಲೊಂದು ಬೀಳುವುದಿಲ್ಲ. ಇವುಗಳಲ್ಲಿ ಸಂದಣಿ ಕಡಿಮೆಯಾದದ್ದನ್ನು ರೌಟರಿನಲ್ಲಿ ಆರಿಸಬಹುದು. ಕೇಬಲಿನಲ್ಲಿಯೂ ಮಂದವಾಗಿದ್ದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳೆದ ಅಂಕೆಗಳನ್ನು ಬರೆದು ಕಂಪೆನಿಗೆ ದೂರು ಕೊಡಿರಿ. ಅಂಕೆಗಳುಳ್ಳ ದೂರನ್ನು ತಳ್ಳಿಹಾಕುವುದು ಸುಲಭವಲ್ಲ.

ಒಂದು ಸಾರಿಗೆ ಒಂದನ್ನೇ ಬದಲಿಸಿ, ಕಂಡದ್ದನ್ನು ಕೂಡಲೆ ಬರೆದಿಡಬೇಕೆಂದು ಶಾಲೆಯ ವಿಜ್ಞಾನದ ಕೋಣೆಯಲ್ಲಿ ಕಲಿತದ್ದು ನಿಮಗೆ ಜ್ಞಾಪಕವಿರಬಹುದು. ಆ ಕ್ರಮವೇ ಇಲ್ಲಿಯೂ ಸಾಕು. ಆದರೆ ಕಡೇ ದಿನದ ರಾತ್ರಿ ಇದಕ್ಕೆ ಸಮಯವಲ್ಲ. ಆಗ ಮೊಬೈಲಿನ ಹಾಟ್‌ಸ್ಪಾಟಿನಿಂದ ಮಗಳ ಅರ್ಜಿಯನ್ನು ಮೊದಲು ಕಳುಹಿಸಿರಿ. ಪರೀಕ್ಷೆಗಳನ್ನು ಮರುದಿನ ಅವಳನ್ನೂ ಕೂಡಿಸಿಕೊಂಡು ಮಾಡಿರಿ.