ಬೇಲಂ ಗುಹೆಗೆ ಯಾವಾಗ ಹೋಗಬೇಕು?



ಈ ವರ್ಷದ ಶೈಕ್ಷಣಿಕ ಪ್ರವಾಸಕ್ಕೆ ಬೇಲಂ ಗುಹೆಯ ಹೆಸರು ಬಂದ ದಿನದಿಂದ ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಬಸ್ಸು, ಊಟ ಮತ್ತು ಹಣದ ಬಗ್ಗೆ. ಪ್ರಥಮ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಮಾತ್ರ ಬೇರೆ ಮಾತು ಎತ್ತಿದಳು: "ಸರ್, ಗುಹೆ ಒಳಗೆ ಹೇಗೂ ತಂಪಾಗಿರುತ್ತಲ್ಲ, ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಹೋದರೆ ಆಗಲ್ವಾ?" ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಭೂಗೋಳ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರೂ ಬೇಕು. ಹಾಗಾಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಥಳದ ಪರಿಚಯ. ಬೇಲಂ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯಲ್ಲಿದೆ. 2022ಕ್ಕೆ ಮೊದಲು ಅದು ಕರ್ನೂಲು ಜಿಲ್ಲೆಯ ಭಾಗವಾಗಿತ್ತು. ತಾಡಿಪತ್ರಿಯಿಂದ ಸುಮಾರು 30 ಕಿ.ಮೀ. ಗುಹೆಯ ಅಳೆದ ಉದ್ದ 3,229 ಮೀಟರ್. ಅದರಲ್ಲಿ ಸುಮಾರು ಒಂದೂವರೆ ಕಿ.ಮೀ. ಮಾತ್ರ ಪ್ರವಾಸಿಗರಿಗೆ ತೆರೆದಿದೆ. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದರ ಬಗ್ಗೆ ಬರೆದಿಟ್ಟರು. ನಮ್ಮ ಬಳ್ಳಾರಿ ಸೀಮೆಯ ಶಿಲಾಯುಗದ ನೆಲೆಗಳನ್ನು ಶೋಧಿಸಿದವರೂ ಇವರೇ. ಆಮೇಲೆ ಸುಮಾರು ನೂರು ವರ್ಷ ಯಾರೂ ಹೆಚ್ಚು ಗಮನ ಕೊಡಲಿಲ್ಲ. 1982 ಮತ್ತು 83ರಲ್ಲಿ ಜರ್ಮನಿಯ ಡೇನಿಯಲ್ ಗೆಬಾವರ್ ಅವರ ತಂಡ ಒಳಗೆ ತೆವಳಿಕೊಂಡು ಹೋಗಿ ನಕ್ಷೆ ಮಾಡಿತು. ದೀಪ, ಮೆಟ್ಟಿಲು ಹಾಕಿ ಸಾರ್ವಜನಿಕರಿಗೆ ತೆರೆದದ್ದು 2002ರಲ್ಲಿ.

ಒಂದು ವಿಷಯ ಚೆನ್ನಾಗಿ ನೆನಪಿಡಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ: ಬೇಲಂ ಬೆಟ್ಟದ ಬದಿಯಲ್ಲಿರುವ ಗುಹೆಯಲ್ಲ. ಸಮತಟ್ಟಾದ ಹೊಲಗಳ ನಡುವೆ ಬಾವಿಯಂಥ ಕುಳಿಗಳಿವೆ. ಒಂದರಲ್ಲಿ ಮೆಟ್ಟಿಲಿಳಿದು ಸುಮಾರು 20 ಮೀಟರ್ ಆಳಕ್ಕೆ ಹೋದ ಮೇಲೆ ಗುಹೆ ಅಡ್ಡಡ್ಡ ಚಾಚಿಕೊಳ್ಳುತ್ತದೆ. ಪಾತಾಳಗಂಗೆ ಎಂದು ಕರೆಯುವ ಜಾಗ ಎಲ್ಲಕ್ಕಿಂತ ಆಳದಲ್ಲಿದೆ. ಅಂದರೆ ಬಾಯಿ ಮೇಲೆ, ಹೊಟ್ಟೆ ಕೆಳಗೆ, ಹೂಜಿಯ ಹಾಗೆ.

ಈಗ "ಗುಹೆ ತಂಪು" ಎಂಬ ಮಾತಿಗೆ ಬರೋಣ. ಹಳ್ಳಿಯಿಂದ ಬರುವವರಿಗೆ ಗೊತ್ತು, ಚಳಿಗಾಲದ ಬೆಳಿಗ್ಗೆ ಸೇದಿದ ಬಾವಿ ನೀರು ಬೆಚ್ಚಗಿರುತ್ತದೆ, ಬೇಸಿಗೆಯ ಮಧ್ಯಾಹ್ನ ಅದೇ ನೀರು ತಣ್ಣಗೆ. ನೀರು ಬದಲಾಗಿಲ್ಲ, ಹೊರಗಿನ ಹವೆ ಬದಲಾಗಿದೆ. ಸೂರ್ಯನ ಕಾವು ಬಂಡೆಯೊಳಗೆ ಬಹಳ ನಿಧಾನವಾಗಿ ಇಳಿಯುತ್ತದೆ, ಇಳಿಯುತ್ತಾ ಸೋಲುತ್ತದೆ. ಹಗಲು–ರಾತ್ರಿಯ ಏರಿಳಿತ ಒಂದು ಮೀಟರ್ ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ಬೇಸಿಗೆ–ಚಳಿಗಾಲದ ಏರಿಳಿತ ಇನ್ನೂ ಕೆಳಗೆ ಹೋಗುತ್ತದಾದರೂ ಸಾಮಾನ್ಯ ಬಂಡೆಯಲ್ಲಿ ಪ್ರತಿ ಮೂರು ಮೀಟರಿಗೆ ಸುಮಾರು ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಜೊತೆಗೆ ಎರಡೆರಡು ತಿಂಗಳು ತಡವಾಗುತ್ತದೆ. 15 ಮೀಟರ್ ಆಳದಲ್ಲಿ ಉಳಿಯುವುದು ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಹಾಗಾದರೆ ಅಲ್ಲಿರುವ ತಾಪಮಾನ ಯಾವುದು? ಮೇಲಿನ ಊರಿನ ಇಡೀ ವರ್ಷದ ಸರಾಸರಿ ತಾಪಮಾನ, ಹೆಚ್ಚು ಕಡಿಮೆ ಅದೇ.

ಅಮೆರಿಕದ ಕೆಂಟಕಿಯಲ್ಲಿರುವ ಮ್ಯಾಮತ್ ಗುಹೆಯಲ್ಲಿ ವರ್ಷವಿಡೀ ಸುಮಾರು 12 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಜುಲೈನಲ್ಲಿ ಹೋದರೂ ಸ್ವೆಟರ್ ಬೇಕು. ಗುಹೆ ಎಂದರೆ ತಂಪು ಎಂಬ ಕಲ್ಪನೆ ಇಂಥ ಶೀತ ದೇಶಗಳ ಪುಸ್ತಕಗಳಿಂದ ಬಂದದ್ದು ಎಂದು ನನಗನಿಸುತ್ತದೆ. ರಾಯಲಸೀಮೆಯ ವರ್ಷದ ಸರಾಸರಿ 28 ಡಿಗ್ರಿಯ ಆಸುಪಾಸು. ಅಂದಮೇಲೆ ಬೇಲಂ ಒಳಗೆ ಡಿಸೆಂಬರ್‌ನಲ್ಲೂ ಸೆಕೆ, ಮೇ ತಿಂಗಳಲ್ಲೂ ಸೆಕೆ. ಅಷ್ಟೇ ಅಲ್ಲ, ಒದ್ದೆ ಬಂಡೆಯ ನಡುವಿನ ಗಾಳಿಯಲ್ಲಿ ತೇವಾಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆವಿಯಾದರೆ ತಾನೇ ಮೈ ತಂಪಾಗುವುದು? 28 ಡಿಗ್ರಿಯೇ 35ರ ಹಾಗೆ ಕಾಡುತ್ತದೆ.

ಒಳಗಿನ ತಾಪಮಾನ ಯಾವಾಗಲೂ ಒಂದೇ ಆದರೆ ಯಾವಾಗ ಹೋದರೇನು ಎಂದು ನೀವು ಕೇಳಬಹುದು. ತಾಪಮಾನ ಒಂದೇ, ಗಾಳಿ ಒಂದೇ ಅಲ್ಲ. ಪಾಠದಲ್ಲಿ ಓದಿದ ಅನಿಲ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಡಿಸೆಂಬರ್ ರಾತ್ರಿ ಹೊರಗೆ 18 ಡಿಗ್ರಿಗೆ ಇಳಿಯಿತು ಎನ್ನಿ. ಕೆಲ್ವಿನ್‌ನಲ್ಲಿ ಹೊರಗೆ 291, ಒಳಗೆ 301. ಒತ್ತಡ ಸಮವಿದ್ದಾಗ ಸಾಂದ್ರತೆ ತಾಪಮಾನಕ್ಕೆ ವಿಲೋಮ. ಆದ್ದರಿಂದ ಹೊರಗಿನ ಗಾಳಿ ಒಳಗಿನದಕ್ಕಿಂತ ನೂರಕ್ಕೆ ಮೂರಕ್ಕೂ ಸ್ವಲ್ಪ ಹೆಚ್ಚು ಭಾರ. ಭಾರದ ಗಾಳಿ ರಾತ್ರಿಯಿಡೀ ಕುಳಿಯೊಳಗೆ ನೀರಿನಂತೆ ಸುರಿದು ಹಳೆಯ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಗುಹೆ ಉಸಿರಾಡುತ್ತದೆ! ಏಪ್ರಿಲ್‌ನಲ್ಲಿ ಇದು ತಿರುಗುಮುರುಗು. ಹೊರಗೆ 40 ಡಿಗ್ರಿ, ಗಾಳಿ ಹಗುರ. ಅದು ಕುಳಿಯ ಬಾಯಲ್ಲೇ ತೇಲುತ್ತದೆ, ಒಳಗಿನದು ಒಳಗೇ ಕೊಳೆಯುತ್ತದೆ. ಅಲ್ಲಿ ಪೈಪು ಹಾಕಿ ಗಾಳಿ ಊದುವ ವ್ಯವಸ್ಥೆ ಇದೆ, ನಿಜ. ಆದರೂ ನಿಸರ್ಗ ಪುಕ್ಕಟೆ ಮಾಡುವ ಕೆಲಸಕ್ಕೆ ಅದು ಪೂರ್ತಿ ಬದಲಿಯಲ್ಲ.

ಇದರ ಮೇಲೆ ನಮ್ಮ ಪಾಲೂ ಸೇರುತ್ತದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು ನೂರಕ್ಕೆ 4 ಭಾಗ ಕಾರ್ಬನ್ ಡೈಆಕ್ಸೈಡ್. ಹೊರಗಿನ ಗಾಳಿಯಲ್ಲಿ ಅದು 0.04. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಸುಮಾರು 100 ವಾಟ್ ಶಾಖ ಹೊರಬಿಡುತ್ತಾನೆ. ನಮ್ಮ ಒಂದು ತರಗತಿಯ 50 ಮಂದಿ ಒಳಹೊಕ್ಕರೆ ಐದು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟ ಹಾಗೆ. ನಡೆದರೆ, ಹತ್ತಿದರೆ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಮಣ್ಣಿನ ಬೇರು ಮತ್ತು ಸೂಕ್ಷ್ಮಜೀವಿಗಳು ಬಿಡುವ ಕಾರ್ಬನ್ ಡೈಆಕ್ಸೈಡ್ ಕೂಡ ನೀರಿನ ಜೊತೆ ಬಂಡೆಯ ಬಿರುಕಿನಲ್ಲಿ ಕೆಳಗಿಳಿಯುತ್ತದೆ.

ಗುಹೆ ಹುಟ್ಟಿದ್ದೂ ಅದರಿಂದಲೇ ಎಂಬುದು ಸ್ವಾರಸ್ಯ. ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿದರೆ ಅದು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಕರಗುತ್ತದೆ. ಹನಿ ಗುಹೆಯ ಚಾವಣಿಗೆ ಬಂದು ಅನಿಲವನ್ನು ಬಿಟ್ಟುಕೊಟ್ಟಾಗ ಕ್ರಿಯೆ ಹಿಮ್ಮುಖವಾಗಿ ಸುಣ್ಣ ಮತ್ತೆ ಗಟ್ಟಿಯಾಗುತ್ತದೆ. ತೂಗುಕಲ್ಲು, ನಿಂತ ಕಂಬ ಎಲ್ಲ ಹಾಗೆ ಬೆಳೆದದ್ದು. ಲೆ ಶಾಟೆಲಿಯರ್ ತತ್ವ ಓದಿರುವ ದ್ವಿತೀಯ ಪಿಯುಸಿಯವರು ಮುಂದಿನದನ್ನು ಊಹಿಸಬಹುದು: ಜನ ಹೆಚ್ಚಾಗಿ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೆ ಸಮತೋಲ ಕರಗುವ ಕಡೆಗೆ ವಾಲುತ್ತದೆ. ಸಾವಿರಾರು ವರ್ಷ ಬೆಳೆದದ್ದು ಸವೆಯಲು ತೊಡಗುತ್ತದೆ. ಫ್ರಾನ್ಸಿನ ಲಾಸ್ಕೊ ಗುಹೆಯ ಕಥೆ ಇದಕ್ಕೆ ಸಾಕ್ಷಿ. 1948ರಲ್ಲಿ ಅದನ್ನು ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ನುಗ್ಗಿದರು. ಅವರ ಉಸಿರು, ಬೆವರು ಮತ್ತು ದೀಪದ ಬೆಳಕಿನಿಂದ ಆದಿಮಾನವರ ಚಿತ್ರಗಳ ಮೇಲೆ ಪಾಚಿ ಹಬ್ಬಿತು. 1963ರಲ್ಲಿ ಬಾಗಿಲು ಮುಚ್ಚಬೇಕಾಯಿತು. ಇಂದಿಗೂ ಪ್ರವಾಸಿಗರು ನೋಡುವುದು ಅದರ ಪ್ರತಿಕೃತಿಯನ್ನು ಮಾತ್ರ.

ಮಳೆಗಾಲದ ಬಗ್ಗೆ ಒಂದು ಗಂಭೀರ ಮಾತು. 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಗೆ 11ರಿಂದ 16 ವಯಸ್ಸಿನ 12 ಫುಟ್‌ಬಾಲ್ ಹುಡುಗರು ಮತ್ತು ಅವರ ತರಬೇತುದಾರ ಹೋದರು. ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಜುಲೈಯಿಂದ ನವೆಂಬರ್‌ವರೆಗೆ ಒಳಗೆ ಹೋಗಬೇಡಿ ಎಂದು ಬಾಗಿಲಲ್ಲಿ ಫಲಕವಿತ್ತು. ಅವರು ಹೋದದ್ದು ಜೂನ್‌ನಲ್ಲಿ, ಕ್ಯಾಲೆಂಡರ್ ಪ್ರಕಾರ ಸರಿಯೇ. ಮಳೆ ಮಾತ್ರ ಕ್ಯಾಲೆಂಡರ್ ನೋಡಲಿಲ್ಲ. ನೀರು ಏರಿ ದಾರಿ ಮುಚ್ಚಿತು. ಜುಲೈ 10ಕ್ಕೆ ಎಲ್ಲರೂ ಜೀವಂತ ಹೊರಬಂದರು, ಆದರೆ ಅವರಿಗಾಗಿ ಒಳಗಿಳಿದ ಸಮನ್ ಕುನಾನ್ ಎಂಬ ಮುಳುಗುಗಾರ ಪ್ರಾಣ ತೆತ್ತರು. ಬೇಲಂ ಅಂಥ ಕಾಡುಗುಹೆಯಲ್ಲ, ದಾರಿಯುದ್ದಕ್ಕೂ ದೀಪ, ಮೆಟ್ಟಿಲು ಇವೆ. ಆದರೂ ಬಯಲಿನ ನಡುವಿನ ಕುಳಿ ನೀರಿಗೆ ತಾನಾಗಿ ದಾರಿ ಕೊಡುತ್ತದೆ, ಮೆಟ್ಟಿಲು ಜಾರುತ್ತದೆ. ತಿಂಗಳು ಯಾವುದೇ ಇರಲಿ, ಹಿಂದಿನ ಎರಡು ದಿನ ಜೋರು ಮಳೆ ಬಿದ್ದಿದ್ದರೆ ನಾನು ಬಸ್ಸು ಹತ್ತಿಸುವುದಿಲ್ಲ. ಮುಂಗಡ ಹಣ ಹೋದರೆ ಹೋಗಲಿ.

ಹಾಗಾದರೆ ಯಾವಾಗ? ಏಪ್ರಿಲ್–ಮೇ ಬೇಡ. ಜೂನ್‌ನಿಂದ ಅಕ್ಟೋಬರ್ ಮಳೆಯ ಕಾಲ. ದಸರಾ ರಜೆಯಲ್ಲಿ ಜನವೂ ವಿಪರೀತ. ಚಾವಣಿಯಿಂದ ಹನಿ ತೊಟ್ಟಿಕ್ಕುವುದನ್ನು ನೋಡುವ ಆಸೆಯಿದ್ದರೆ ಮಳೆ ನಿಂತ ಹೊಸತರಲ್ಲಿ, ನವೆಂಬರ್ ಕೊನೆಗೆ ಹೋಗಬೇಕು. ಗಾಳಿ ಚೆನ್ನಾಗಿರುವುದು ಡಿಸೆಂಬರ್, ಜನವರಿಯಲ್ಲಿ. ಜನವರಿ ಎಂದರೆ ಅಲ್ಲಿ ಸಂಕ್ರಾಂತಿಯ ಜಾತ್ರೆ, ಇಲ್ಲಿ ನಿಮ್ಮ ಪೂರ್ವಸಿದ್ಧತಾ ಪರೀಕ್ಷೆ. ರಂಜಾನ್ ಪ್ರತಿವರ್ಷ ಹತ್ತು–ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ, ಕೆಲವೇ ವರ್ಷಗಳಲ್ಲಿ ಡಿಸೆಂಬರ್‌ಗೂ ಬರಲಿದೆ. ಉಪವಾಸವಿದ್ದು ಅಲ್ಲಿ ಬೆವರು ಸುರಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಮುಂದಿನ ಪ್ರವಾಸ ಸಮಿತಿಗಳು ಇದನ್ನು ಗಮನಿಸಲಿ. ಈ ಸಲಕ್ಕೆ ನನ್ನ ಸಲಹೆ ಡಿಸೆಂಬರ್ ಎರಡನೇ ವಾರ. ಶನಿವಾರ, ಭಾನುವಾರ ಗದ್ದಲ. ಶುಕ್ರವಾರ ಜುಮಾ ಹೊತ್ತಿಗೆ ದಾರಿಯಲ್ಲಿರಬಾರದು. ಮಂಗಳವಾರ ಅಥವಾ ಬುಧವಾರ ಆಗಬಹುದು.

ದಿನದಷ್ಟೇ ಗಂಟೆಯೂ ಮುಖ್ಯ. ಬೆಳಿಗ್ಗೆ ಟಿಕೆಟ್ ಕೌಂಟರ್ ತೆರೆಯುವ ಹೊತ್ತಿಗೆ ನಾವು ಅಲ್ಲಿರಬೇಕು. ರಾತ್ರಿ ಇಳಿದ ಹೊಸ ಗಾಳಿ ಆಗ ಒಳಗಿರುತ್ತದೆ, ಜನ ಅದನ್ನು ಇನ್ನೂ ಕೆಡಿಸಿರುವುದಿಲ್ಲ. ಮಧ್ಯಾಹ್ನಕ್ಕೆ ಹೊರಗಿನ ಬಿಸಿಲು 28 ದಾಟಿದರೆ ಡಿಸೆಂಬರ್‌ನಲ್ಲೂ ಆ ಹರಿವು ನಿಲ್ಲುತ್ತದೆ. ಐವತ್ತು ಜನ ಒಟ್ಟಿಗೆ ಬೇಡ, ಹದಿನೈದರ ಗುಂಪುಗಳಾಗಿ ಇಳಿಯೋಣ. ಸ್ವೆಟರ್ ಬಸ್ಸಿನಲ್ಲೇ ಬಿಡಿ. ಹತ್ತಿಯ ಸಡಿಲ ಬಟ್ಟೆ, ಜಾರದ ಚಪ್ಪಲಿ ಸಾಕು. ಅಸ್ತಮಾ ಇರುವವರು ನನಗೆ ಮೊದಲೇ ತಿಳಿಸಿ. ಇನ್‌ಹೇಲರ್ ಚೀಲದಲ್ಲಲ್ಲ, ಜೇಬಿನಲ್ಲಿರಲಿ. ಪಾತಾಳಗಂಗೆಗೆ ಇಳಿಯಲೇಬೇಕೆಂಬ ಒತ್ತಾಯ ಯಾರಿಗೂ ಇಲ್ಲ. ಕಲ್ಲನ್ನು ಮುಟ್ಟಬೇಡಿ, ಕೈಯ ಎಣ್ಣೆಯಂಶ ತಾಗಿದ ಜಾಗದಲ್ಲಿ ಸುಣ್ಣ ಕೂರುವುದಿಲ್ಲ.

ಪ್ರಯೋಗಾಲಯದಿಂದ ಮೂರು ತಾಪಮಾಪಕ ತರುತ್ತೇನೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತೋಣ. ಕುಳಿಯ ಬಾಯಿ, ಮೆಟ್ಟಿಲ ಕೊನೆ, ಪಾತಾಳಗಂಗೆಯ ಹತ್ತಿರ, ಮೂರು ಕಡೆ ಒಣ ಮತ್ತು ಒದ್ದೆ ತಾಪಮಾನ ಬರೆದುಕೊಳ್ಳಬೇಕು. ಒಳಗೆ ಎರಡರ ನಡುವಿನ ವ್ಯತ್ಯಾಸ ಎಷ್ಟಿರಬಹುದು ಎಂದು ಹೊರಡುವ ಮೊದಲೇ ಊಹಿಸಿ, ಕಾರಣ ಸಹಿತ ಚೀಟಿಯಲ್ಲಿ ಬರೆದು ನನಗೆ ಕೊಡಿ.