‘ವಾರ್ ಹಾರ್ಸ್’: ಮೂಕಪ್ರಾಣಿಯ ನಿರೂಪಣೆ, ಬೆಲೆ ಮತ್ತು ನಂಟು

ಕೃತಿಯೊಂದು ಒಂದು ಮಾಧ್ಯಮದಿಂದ ಮತ್ತೊಂದಕ್ಕೆ ರೂಪಾಂತರಗೊಳ್ಳುವಾಗ ಕಥಾವಸ್ತುವಿಗಿಂತ ಹೆಚ್ಚಾಗಿ ನಿರೂಪಕನ ಸ್ಥಾನವೇ ಬದಲಾಗುವುದುಂಟು. ಮೈಕೆಲ್ ಮೊರ್ಪರ್ಗೊ ಅವರ ಇಂಗ್ಲಿಷ್ ಕಾದಂಬರಿ ‘ವಾರ್ ಹಾರ್ಸ್’ (1982) ಹಾಗೂ ಅದನ್ನು ಆಧರಿಸಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ಅದೇ ಹೆಸರಿನ ಚಲನಚಿತ್ರ (2011) ಇದಕ್ಕೆ ನಿದರ್ಶನ. ಕಾದಂಬರಿಯ ನಿರೂಪಕ ಜೋಯಿ ಎಂಬ ಕುದುರೆ, ಕಥನವೆಲ್ಲ ಉತ್ತಮಪುರುಷದಲ್ಲಿದೆ. ಚಲನಚಿತ್ರದ ಜೋಯಿಗೆ ಮಾತಿಲ್ಲ. ಮಾತು ಕಳೆದುಕೊಂಡ ಪ್ರಾಣಿಯೊಡನೆ ಮನುಷ್ಯನ ನಂಟನ್ನು ಚಿತ್ರವು ಹೇಗೆ ಕಟ್ಟುತ್ತದೆ, ಈ ಬದಲಾವಣೆಯಲ್ಲಿ ಪಡೆದುದೇನು, ಕಳೆದುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಣಿಗೆ ಮಾತು ಕೊಡುವ ಕಥನ ಕನ್ನಡಕ್ಕೆ ಹೊಸದಲ್ಲ. ‘ಗೋವಿನ ಹಾಡಿ’ನ ಪುಣ್ಯಕೋಟಿ ಹುಲಿಯೊಡನೆ ಮಾತನಾಡುತ್ತದೆ, ಕೊಟ್ಟ ಮಾತೇ ಅಲ್ಲಿಯ ಪರಮಮೌಲ್ಯ. ಮೊರ್ಪರ್ಗೊ ಅವರ ಕುದುರೆಯ ಸ್ಥಿತಿ ಬೇರೆ. ಅದು ಮನುಷ್ಯರ ಮಾತನ್ನು ಕೇಳಿಸಿಕೊಳ್ಳಬಲ್ಲದು, ಮರುನುಡಿಯಲಾರದು. ಅದು ಮಾತನಾಡುವುದು ಓದುಗನೊಡನೆ ಮಾತ್ರ. ಇಂಗ್ಲಿಷರು, ಜರ್ಮನರು, ಫ್ರೆಂಚರು ಯಾರೇ ನುಡಿದರೂ ಅದಕ್ಕೆ ತಿಳಿಯುತ್ತದೆ. ಆದುದರಿಂದಲೇ ಅದರ ಪಾಲಿಗೆ ಶತ್ರುವೆಂಬ ವರ್ಗವಿಲ್ಲ. ಮೇವು ಕೊಡುವವರು, ಹೊಡೆಯುವವರು ಎಂಬ ಭೇದವಷ್ಟೇ ಇದೆ. ಯುದ್ಧವನ್ನು ಯಾವ ಪಕ್ಷಕ್ಕೂ ಸೇರದೆ ನೋಡಬಲ್ಲ ಸಾಕ್ಷಿಯೊಂದನ್ನು ಕಾದಂಬರಿಕಾರರು ಹೀಗೆ ಪಡೆದರು.

ಚಿತ್ರದಲ್ಲಿ ಎಲ್ಲ ದೇಶದವರೂ ತಮ್ಮ ತಮ್ಮ ಉಚ್ಚಾರದಲ್ಲಿ ಇಂಗ್ಲಿಷನ್ನೇ ಆಡುತ್ತಾರೆ. ಭಾಷಾಭೇದಗಳನ್ನು ದಾಟಿ ನಿಲ್ಲುವ ಪ್ರಾಣಿಯ ಅರಿವು ಇಲ್ಲಿ ಮಸುಕಾಗುತ್ತದೆ. ಇದು ರೂಪಾಂತರದ ನಷ್ಟ. ಆದರೆ ಕಾದಂಬರಿಯಲ್ಲಿಯೂ ಇರುವ ಒಂದು ಸಂಕೇತ ಇಲ್ಲಿ ಹೆಚ್ಚಿನ ಭಾರ ಹೊರುತ್ತದೆ. ಡೆವನ್ ಪ್ರಾಂತ್ಯದ ರೈತಹುಡುಗ ಆಲ್ಬರ್ಟ್ ಅಂಗೈಗಳನ್ನು ಕೂಡಿಸಿ ಗೂಬೆಯ ಕೂಗಿನಂತೆ ಸಿಳ್ಳು ಹಾಕಿ ಜೋಯಿಯನ್ನು ಕರೆಯುತ್ತಾನೆ. ಕಥೆಯ ಕೊನೆಯಲ್ಲಿ ವಿಷಾನಿಲದಿಂದ ತಾತ್ಕಾಲಿಕವಾಗಿ ದೃಷ್ಟಿ ಕಳೆದುಕೊಂಡ ಆಲ್ಬರ್ಟ್, ಗುಂಡಿಗೆ ಬಲಿಯಾಗಲಿದ್ದ ಕುದುರೆಯನ್ನು ಆ ಸಿಳ್ಳಿನಿಂದಲೇ ಉಳಿಸಿಕೊಳ್ಳುತ್ತಾನೆ. ಮೈಗೆ ಮೆತ್ತಿದ ಕೆಸರನ್ನು ತೊಳೆದಾಗ ಕಾಣುವ ಬಿಳಿಯ ಕಾಲುಗಳು ಆ ಗುರುತನ್ನು ದೃಢಪಡಿಸುತ್ತವೆ. ಒಬ್ಬನಿಗೆ ಕಣ್ಣಿಲ್ಲ, ಇನ್ನೊಂದಕ್ಕೆ ನುಡಿಯಿಲ್ಲ. ನಂಟು ನಿಂತಿರುವುದು ಪದವಲ್ಲದ ಒಂದು ದನಿಯ ಮೇಲೆ.

ಈ ನಂಟಿಗೆ ಎದುರಾಗಿ ಚಿತ್ರವು ಮತ್ತೆ ಮತ್ತೆ ತರುವುದು ಬೆಲೆಯ ಪ್ರಶ್ನೆಯನ್ನು. ಆಲ್ಬರ್ಟನ ತಂದೆ ಟೆಡ್, ತನ್ನ ಜಮೀನುದಾರನ ಮೇಲಿನ ಹಟಕ್ಕೆ ಬಿದ್ದು ಹರಾಜಿನಲ್ಲಿ 30 ಗಿನಿಗಳಿಗೆ ಜೋಯಿಯನ್ನು ಕೊಳ್ಳುತ್ತಾನೆ. ಮಳೆಗೆ ಬೆಳೆ ಹಾಳಾಗಿ ಗೇಣಿ ತೆರಲಾಗದೆ 1914ರಲ್ಲಿ ಸೈನ್ಯಕ್ಕೆ ಮಾರುತ್ತಾನೆ. ಇಲ್ಲಿಂದ ಮುಂದೆ ಕುದುರೆ ಬ್ರಿಟಿಷ್ ಅಧಿಕಾರಿ, ಜರ್ಮನ್ ಸೋದರರು, ಫ್ರೆಂಚ್ ಬಾಲಕಿ ಎಮಿಲಿ ಮತ್ತು ಅವಳ ಅಜ್ಜ, ಜರ್ಮನ್ ಫಿರಂಗಿದಳ ಎಂದು ಕೈಯಿಂದ ಕೈಗೆ ಸಾಗುತ್ತದೆ. ಮುಳ್ಳುತಂತಿಯಲ್ಲಿ ಸಿಲುಕಿದ ಅದನ್ನು ಎರಡೂ ಸೇನೆಗಳ ನಡುವಿನ ಯಾರಿಗೂ ಸೇರದ ನೆಲದಲ್ಲಿ ಒಬ್ಬ ಬ್ರಿಟಿಷ್ ಸೈನಿಕನೂ ಒಬ್ಬ ಜರ್ಮನ್ ಸೈನಿಕನೂ ಕೂಡಿ ಬಿಡಿಸುತ್ತಾರೆ. ಕುದುರೆ ಯಾರದೆಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ. ಬೆಲೆ ಕಟ್ಟುತ್ತಿದ್ದ ನಾಣ್ಯವೇ ಇಲ್ಲಿ ಹಗೆತನವನ್ನು ಕ್ಷಣಕಾಲ ಅಳಿಸುವ ಸಾಧನವಾಗುವುದು ಗಮನಾರ್ಹ.

ಯುದ್ಧ ಮುಗಿದಾಗ ಜೋಯಿ ಮತ್ತೆ ಹರಾಜಿಗೆ ಬರುತ್ತದೆ. ಚಿತ್ರದಲ್ಲಿ ಎಮಿಲಿಯ ಅಜ್ಜ ಅದನ್ನು ಕೊಂಡು ಆಲ್ಬರ್ಟನಿಗೆ ಒಪ್ಪಿಸುತ್ತಾನೆ. ಕಾದಂಬರಿಯಲ್ಲಿ ಅವನು ಕೇಳುವ ಬೆಲೆ ಒಂದು ಪೆನ್ನಿ ಮತ್ತು ಒಂದು ಮಾತು: ಸತ್ತುಹೋದ ತನ್ನ ಮೊಮ್ಮಗಳ ಕಥೆಯನ್ನು ಜನರಿಗೆ ಹೇಳುತ್ತಿರಬೇಕು. ಬೆಲೆಯು ಇಲ್ಲಿ ಕಥನದ ಋಣವಾಗಿ ಮಾರ್ಪಡುತ್ತದೆ. ಜೋಯಿ ಹೇಳಿದ ಕಥೆಯೂ ಆ ಋಣದ ಸಂದಾಯವೆಂಬಂತೆ ತೋರುತ್ತದೆ. ಚಿತ್ರ ಈ ಷರತ್ತನ್ನು ಬಿಟ್ಟು ಪುನರ್ಮಿಲನದ ಸಂತೋಷವನ್ನು ಎತ್ತಿಹಿಡಿಯುತ್ತದೆ. ಸಂಜೆಗೆಂಪಿನಲ್ಲಿ ಮನೆಗೆ ಮರಳುವ ಕೊನೆಯ ದೃಶ್ಯ ಮನೋಹರವಾದರೂ ಆ ಸಮಾಧಾನವನ್ನು ಪ್ರಶ್ನಿಸದೆ ಒಪ್ಪಲಾಗದು. ಯುದ್ಧಾರಂಭದಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದ ಕುದುರೆಗಳು ಸುಮಾರು 25,000. ಮೊದಲ 12 ದಿನಗಳಲ್ಲಿಯೇ ಸುಮಾರು 1,65,000 ಕುದುರೆಗಳನ್ನು ಕೂಡಿಸಲಾಯಿತು. ಯುದ್ಧ ಮುಗಿಯುವ ವೇಳೆಗೆ ಆ ಸೇನೆ ಕಳೆದುಕೊಂಡ ಕುದುರೆ, ಹೇಸರಗತ್ತೆ ಮೊದಲಾದ ಪ್ರಾಣಿಗಳು 4,80,000ಕ್ಕೂ ಹೆಚ್ಚು. ಜೋಯಿಯ ಮರಳುವಿಕೆ ಅಪವಾದ. ಫಿರಂಗಿ ಎಳೆದು ಬಳಲಿ ಸಾಯುವ ಅದರ ಸಂಗಾತಿ ಟಾಪ್‌ಥಾರ್ನ್‌ನ ಪಾಡು ವಾಸ್ತವಕ್ಕೆ ಹೆಚ್ಚು ಹತ್ತಿರ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಅದೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಪಟ್ಟಣವನ್ನು ವಶಪಡಿಸಿಕೊಂಡವರಲ್ಲಿ ಜೋಧಪುರದ ಅಶ್ವದಳದೊಡನೆ ಮೈಸೂರು ಸಂಸ್ಥಾನದ ಅಶ್ವದಳವೂ ಇತ್ತು. ಆ ವಿಜಯವನ್ನು ನಾವು ಸವಾರರ ಶೌರ್ಯವಾಗಿ ನೆನೆಯುತ್ತೇವೆ, ಅದು ಉಚಿತವೇ. ಸವಾರರನ್ನು ಹೊತ್ತು ನಡೆದ ಕುದುರೆಗಳ ದೃಷ್ಟಿಯಿಂದ ಅದೇ ಚರಿತ್ರೆಯನ್ನು ಹೇಳಬೇಕಾದರೆ ನಿರೂಪಕ ಯಾರಾಗಬೇಕು? ಪ್ರಾಣಿಗೆ ನಮ್ಮ ಮಾತನ್ನು ಕೊಡುವುದು ಕಾದಂಬರಿಯ ದಾರಿ, ಅದರ ಮೌನವನ್ನು ಹಾಗೆಯೇ ಉಳಿಸುವುದು ಚಲನಚಿತ್ರದ ದಾರಿ. ಎರಡರಲ್ಲಿಯೂ ಉಳಿಯುವ ಹೊಣೆ ಒಂದೇ: ಮರಳಿ ಬಾರದವರ ಕಥೆಯನ್ನು ಹೇಳುವುದು. ಅಜ್ಜ ಕೇಳಿದ ಬೆಲೆಯೂ ಅದೇ.